ಕೇಳಿ, ಹೇಳುತ್ತೇನೆ: ಸಿಎಸ್‌ಎಸ್ ಫೈಲನ್ನು ಚೊಕ್ಕ ಮಾಡಿ ಸಣ್ಣ ಮಾಡುವುದು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ವೆಬ್‌ಸೈಟಿನ ಬಣ್ಣ, ಅಳತೆ, ಅಕ್ಷರದ ಗಾತ್ರ ಎಲ್ಲ ಇರುವ ಸಿಎಸ್‌ಎಸ್ ಫೈಲು ದಪ್ಪ ಆಗಿದೆ, ಏನು ಮಾಡುವುದು ಅಂತ. ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ, ಉಳಿದದ್ದೆಲ್ಲ ಸಣ್ಣಕ್ಷರ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಊರಿನ ವಾಚನಾಲಯದ ವೆಬ್‌ಸೈಟನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ನನಗಿಂತ ಮೊದಲು ಮೂರು ನಾಲ್ಕು ಜನ ಅದರಲ್ಲಿ ಕೈ ಆಡಿಸಿದ್ದಾರೆ. ಪುಟಗಳು ಕನ್ನಡ, ಮಲಯಾಳ, ತುಳು ಮೂರರಲ್ಲೂ ಇವೆ. ಸಿಎಸ್‌ಎಸ್ ಫೈಲು 3000 ಸಾಲು ದಾಟಿದೆ. ಗುಡ್ಡದ ಆಚೆ ಸಿಗ್ನಲ್ ಕಡಿಮೆ ಇರುವವರು ಪುಟ ತೆರೆಯುವುದೇ ಇಲ್ಲ ಅನ್ನುತ್ತಾರೆ. ಫೈಲನ್ನು ಅಂಟಿಸಿದರೆ ಸಣ್ಣ ಮಾಡಿ ಕೊಡುವ ಪುಟಗಳು ನೆಟ್ಟಿನಲ್ಲಿ ಇವೆ. ಆದರೆ ಕಮಾಂಡ್ ಕೊಟ್ಟು ಮಾಡುವುದು ಒಳ್ಳೆಯದು ಅಂತ ಒಬ್ಬರು ಹೇಳಿದರು. ಹೌದಾ? ಹೇಗೆ ಮಾಡುವುದು?
— ವಾಚನಾಲಯದ ಕಾರ್ಯಕರ್ತೆ, ಪೆರ್ಲ

ಉತ್ತರ: ಹೌದು, ಕಮಾಂಡೇ ಒಳ್ಳೆಯದು. ಅಂಟಿಸುವ ಪುಟದಲ್ಲಿ ಇವತ್ತು ಯಾವ ಯಾವ ಆಯ್ಕೆಗೆ ಟಿಕ್ ಹಾಕಿದ್ದಿರಿ ಅಂತ ಆರು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ. ಕಮಾಂಡ್ ಆದರೆ ಒಂದೇ ಸಾಲು. ಅದನ್ನು ಬರೆದಿಟ್ಟರೆ ನಿಮ್ಮ ನಂತರ ಬರುವವರೂ ಅದೇ ಸಾಲು ಕೊಟ್ಟು ಅದೇ ಫಲ ಪಡೆಯುತ್ತಾರೆ. ನಮ್ಮ ಕಡೆ ಇದು ದೊಡ್ಡ ವಿಷಯ. ವಾಚನಾಲಯ, ಯಕ್ಷಗಾನ ಸಂಘ, ಊರಿನ ಕ್ಲಬ್ಬು, ಇವುಗಳ ವೆಬ್‌ಸೈಟಿಗೆ ಸಂಬಳದ ಜನ ಇಲ್ಲ. ಕಾಲೇಜು ಮುಗಿಸಿದವರು ಒಂದೆರಡು ವರ್ಷ ನೋಡಿಕೊಳ್ಳುತ್ತಾರೆ. ಕೆಲಸ ಸಿಕ್ಕಿತೋ, ಮಂಗಳೂರಿಗೋ ಗಲ್ಫಿಗೋ ಹೊರಟರು. ಹಿಂದಿನವರು ಬರೆದದ್ದನ್ನು ಮುಟ್ಟಲು ಹೆದರಿ ಹೊಸಬರು ಫೈಲಿನ ಕೊನೆಗೆ ಹತ್ತು ಸಾಲು ಸೇರಿಸುತ್ತಾರೆ. ನಿಮ್ಮ 3000 ಸಾಲು ಬೆಳೆದದ್ದು ಹೀಗೇ ಇರಬೇಕು.

ಇದರಲ್ಲಿ ಎರಡು ಕೆಲಸ ಇದೆ. ಚೊಕ್ಕ ಮಾಡುವುದು ಒಂದು, ಸಣ್ಣ ಮಾಡುವುದು ಇನ್ನೊಂದು. ಚೊಕ್ಕ ಮಾಡುವುದು ಮನುಷ್ಯರಿಗಾಗಿ. ಸಣ್ಣ ಮಾಡುವುದು ಓದುಗರ ಮೊಬೈಲಿಗೆ ಹೋಗುವ ಪ್ರತಿಗಾಗಿ. ಹಾಗಾಗಿ ಯಾವಾಗಲೂ ಎರಡು ಫೈಲು ಇಟ್ಟುಕೊಳ್ಳಿ. ತಿದ್ದುವುದು ದೊಡ್ಡದನ್ನು, ಸರ್ವರಿನ ಪುಟಕ್ಕೆ ಜೋಡಿಸುವುದು ಸಣ್ಣದನ್ನು. ಸಣ್ಣದರಲ್ಲಿ ಕೈಯಿಂದ ಒಂದು ಅಕ್ಷರವೂ ತಿದ್ದಬಾರದು. ತಿದ್ದಿದರೆ ಮುಂದಿನ ಸಲ ಕಮಾಂಡ್ ಕೊಟ್ಟಾಗ ಆ ತಿದ್ದುಪಡಿ ಹೋಗಿಬಿಡುತ್ತದೆ.

ಚೊಕ್ಕ ಮಾಡಲು ಪ್ರಿಟಿಯರ್ ಮತ್ತು ಸ್ಟೈಲ್‌ಲಿಂಟ್ ಅಂತ ಎರಡು ಸಾಧನ ಇವೆ. ಎರಡೂ ಪುಕ್ಕಟೆ, ಎರಡಕ್ಕೂ ನೋಡ್ ಜೆಎಸ್ (ಇಂಥ ಸಾಧನಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಬೇಕು. ಪ್ರಿಟಿಯರ್ ಸಾಲುಗಳನ್ನು ಒಂದೇ ರೀತಿ ಜೋಡಿಸಿ ಕೊಡುತ್ತದೆ. ಸ್ಟೈಲ್‌ಲಿಂಟ್ ತಪ್ಪು ಹುಡುಕಿ ಹೇಳುತ್ತದೆ: ಇದೇ ಹೆಸರಿನ ನಿಯಮ ಮೇಲೆ ಇನ್ನೊಮ್ಮೆ ಇದೆ, ಈ ಬಣ್ಣದ ಸಂಖ್ಯೆ ಸರಿ ಇಲ್ಲ, ಹೀಗೆ. ನಾಲ್ಕು ಜನರ ಕೈ ಬಿದ್ದ ಫೈಲಿನಲ್ಲಿ ಇಂಥದ್ದು ರಾಶಿ ಸಿಗುತ್ತದೆ. ಅದು ತೋರಿಸಿದ್ದನ್ನು ಒಂದೊಂದಾಗಿ ನೀವೇ ಓದಿ, ಬೇಡದ್ದನ್ನು ತೆಗೆಯಿರಿ. ಹೊತ್ತು ತೆಗೆದುಕೊಳ್ಳುವ ಕೆಲಸ ಇದೇ. ಅವಸರ ಮಾಡಬೇಡಿ.

ಸಣ್ಣ ಮಾಡಲು ನಾನು ಹೇಳುವುದು ಕ್ಲೀನ್-ಸಿಎಸ್‌ಎಸ್. ಹಾಕಿಕೊಳ್ಳುವ ಕಮಾಂಡ್ ಇದು (ಎನ್‌ಪಿಎಂ ಅನ್ನುವುದು ನೋಡ್ ಜೆಎಸ್ ಜೊತೆಗೇ ಬರುತ್ತದೆ):

ಎನ್‌ಪಿಎಂ ಇನ್‌ಸ್ಟಾಲ್ -ಜಿ ಕ್ಲೀನ್-ಸಿಎಸ್‌ಎಸ್-ಸಿಎಲ್‌ಐ

ಹಾಕಿಕೊಳ್ಳುವಾಗ ಹೆಸರಿನ ಮಧ್ಯೆ ಹೈಫನ್ ಇದೆ. ಓಡಿಸುವಾಗ ಹೈಫನ್ ಇಲ್ಲ:

ಕ್ಲೀನ್‌ಸಿಎಸ್‌ಎಸ್ -ಓ ಸ್ಟೈಲ್.ಮಿನ್.ಸಿಎಸ್‌ಎಸ್ ಸ್ಟೈಲ್.ಸಿಎಸ್‌ಎಸ್

ಹೈಫನ್ ಆದ ಮೇಲಿನದ್ದು ಓ ಅಕ್ಷರ, ಸೊನ್ನೆ ಅಲ್ಲ. ಅದರ ಮುಂದೆ ಇರುವುದು ಹೊಸ ಫೈಲಿನ ಹೆಸರು, ಕೊನೆಯಲ್ಲಿ ಇರುವುದು ನಿಮ್ಮ ಮೂಲ ಫೈಲು. ಮೂಲಕ್ಕೆ ಏನೂ ಆಗುವುದಿಲ್ಲ. ಜೊತೆಗೆ ಇನ್ನೊಂದು ಹೈಫನ್ ಮತ್ತು ಡಿ ಹಾಕಿದರೆ ಎಷ್ಟು ಸಣ್ಣ ಆಯಿತು ಅಂತಲೂ ಹೇಳುತ್ತದೆ. ಫೈಲಿನಲ್ಲಿ ಏನಾದರೂ ಗೊತ್ತಾಗದಿದ್ದರೆ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಸುಮ್ನೆ ದಾಟಿಸಬೇಡಿ. ಮುಚ್ಚದ ಪುಷ್ಪಾವರಣ ({ ಗುರುತು) ಒಂದಿದ್ದರೂ ಅದರ ಕೆಳಗಿನ ನಿಯಮಗಳೆಲ್ಲ ದಾರಿ ತಪ್ಪುತ್ತವೆ. 2023ರಿಂದ ಬ್ರೌಸರುಗಳು ಒಂದು ನಿಯಮದ ಒಳಗೆ ಇನ್ನೊಂದನ್ನು ಬರೆಯಲು ಬಿಡುತ್ತವೆ. ಹಾಗಾಗಿ ಮುಚ್ಚಲು ಮರೆತರೆ ಮುಂದಿನ ನಿಯಮ ಹಿಂದಿನದರ ಹೊಟ್ಟೆಯೊಳಗೆ ಸೇರಿಬಿಡುತ್ತದೆ, ಬ್ರೌಸರ್ ಅದನ್ನು ತಪ್ಪು ಅಂತಲೂ ಹೇಳುವುದಿಲ್ಲ.

ಅದು ಮಾಡುವುದೇನು? ಖಾಲಿ ಜಾಗ, ಹೊಸ ಸಾಲು, ಕಮೆಂಟುಗಳನ್ನು ತೆಗೆಯುತ್ತದೆ. ಬಿಳಿ ಬಣ್ಣಕ್ಕೆ ಹ್ಯಾಶ್ ಮತ್ತು ಆರು ಎಫ್ ಬರೆದಿದ್ದರೆ ಮೂರು ಎಫ್ ಮಾಡುತ್ತದೆ. 0.5 ಅಂತ ಇದ್ದರೆ ಮುಂದಿನ ಸೊನ್ನೆ ಬಿಟ್ಟು .5 ಮಾಡುತ್ತದೆ. ಕನ್ನಡದಲ್ಲಿ ಕಮೆಂಟ್ ಬರೆಯುವವರಿಗೆ ಉಳಿತಾಯ ಇನ್ನೂ ಜಾಸ್ತಿ. ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಆದರೆ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಈ ಕಮೆಂಟ್ ನೋಡಿ:

/* ಇದು ಮುಖಪುಟದ ಬಣ್ಣ */

ಇಷ್ಟಕ್ಕೇ ಸರಿಯಾಗಿ 50 ಬೈಟ್. ಹಾಗಂತ ಕಮೆಂಟ್ ಬರೆಯುವುದನ್ನು ಬಿಡಬೇಡಿ, ಇಂಗ್ಲಿಷಿಗೂ ಹೋಗಬೇಡಿ. ಕನ್ನಡದಲ್ಲಿ ಧಾರಾಳ ಬರೆಯಿರಿ. ನಿಮ್ಮ ನಂತರದವರು ಓದುವುದು ಅದನ್ನೇ. ಓದುಗರ ಮೊಬೈಲಿಗೆ ಅದು ಹೋಗುವುದಿಲ್ಲ, ಸಾಧನ ಅಲ್ಲೇ ತೆಗೆದುಬಿಡುತ್ತದೆ. ಯಾವುದಾದರೂ ಕಮೆಂಟ್ ಸಣ್ಣ ಫೈಲಿನಲ್ಲೂ ಉಳಿಯಲೇಬೇಕು ಅಂತಿದ್ದರೆ, ಅಂದರೆ ಬೇರೆಯವರ ಕೆಲಸ ಬಳಸಿಕೊಂಡು ಅವರ ಲೈಸೆನ್ಸ್ ಹಾಕಬೇಕಾದರೆ, ನಕ್ಷತ್ರದ ಗುರುತು ಆದ ಕೂಡಲೇ ಒಂದು ಆಶ್ಚರ್ಯಸೂಚಕ ಹಾಕಿ.

ಇನ್ನು ನಿಮ್ಮ ಮೂರು ಭಾಷೆಯ ವಿಷಯ. ಕನ್ನಡಕ್ಕೆ ಸಾಲಿನ ಎತ್ತರ ಜಾಸ್ತಿ ಬೇಕು, ಇಲ್ಲದಿದ್ದರೆ ‘ರಾಷ್ಟ್ರ’ದಂಥ ಪದದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ತುಳುವನ್ನು ನೀವು ಕನ್ನಡ ಲಿಪಿಯಲ್ಲೇ ಬರೆದಿರುವುದರಿಂದ ಅದಕ್ಕೂ ಅದೇ ಎತ್ತರ. ಮಲಯಾಳಕ್ಕೆ ಬೇರೆ ಇರಬಹುದು. ಪುಟದಲ್ಲಿ ಭಾಷೆಯ ಗುರುತು ಸರಿಯಾಗಿ ಹಾಕಿ. ಕನ್ನಡಕ್ಕೆ ಕೆಎನ್, ಮಲಯಾಳಕ್ಕೆ ಎಂಎಲ್, ತುಳುವಿಗೆ ಟಿಸಿವೈ. ಕೆಎನ್ ಮತ್ತು ಟಿಸಿವೈ ಎರಡನ್ನೂ ಒಂದೇ ನಿಯಮದಲ್ಲಿ ಅಲ್ಪವಿರಾಮ ಕೊಟ್ಟು ಬರೆದರೆ ಫೈಲು ಅಷ್ಟೇ ಸಣ್ಣ ಆಗುತ್ತದೆ, ಅಲ್ವಾ? ಇಂಥದ್ದು ಸಾಧನಕ್ಕೆ ಹೊಳೆಯುವುದು ಕಷ್ಟ, ಊರು ಬಲ್ಲ ನಿಮಗೆ ಹೊಳೆಯುತ್ತದೆ.

ಕ್ಲೀನ್-ಸಿಎಸ್‌ಎಸ್‌ನಲ್ಲಿ ಮೂರು ಮಟ್ಟ ಇವೆ: 0, 1, 2. ಏನೂ ಹೇಳದಿದ್ದರೆ 1. ಎರಡನೇ ಮಟ್ಟ ಬೇಕಾದರೆ ಹೈಫನ್, ದೊಡ್ಡಕ್ಷರದ ಓ, ಅದಕ್ಕೆ ತಾಗಿಸಿ 2. ಆಗ ಅದು ಬೇರೆ ಬೇರೆ ನಿಯಮಗಳನ್ನು ಕೂಡಿಸಿ ಒಂದು ಮಾಡಲೂ ನೋಡುತ್ತದೆ. ಸಿಎಸ್‌ಎಸ್‌ನಲ್ಲಿ ಯಾವುದು ಮೊದಲು ಯಾವುದು ನಂತರ ಅನ್ನುವುದಕ್ಕೆ ಬೆಲೆ ಇದೆ. ಹಳೆಯ, ಕಲಸಿಹೋದ ಫೈಲಿಗೆ ಮೊದಲು 1 ಸಾಕು. ಚೊಕ್ಕ ಆದ ಮೇಲೆ 2 ಕೊಟ್ಟು, ಮೂರು ಭಾಷೆಯ ಪುಟವನ್ನೂ ಮೊಬೈಲಿನಲ್ಲಿ ತೆರೆದು ನೋಡಿ.

ಕಡೆಯದಾಗಿ, ಪುಟಗಳಲ್ಲಿ ಹಳೆಯ ಫೈಲಿನ ಹೆಸರು ತೆಗೆದು ಸಣ್ಣ ಫೈಲಿನ ಹೆಸರು ಹಾಕಿ. ಮುಂದೆ ಪ್ರತಿ ಸಲ ಹೊಸ ಪ್ರತಿ ಏರಿಸುವಾಗ ಪುಟದಲ್ಲಿ ಬರೆದ ಆ ಹೆಸರಿನ ಕೊನೆಗೆ ಪ್ರಶ್ನೆ ಗುರುತು ಹಾಕಿ ಒಂದು ಹೊಸ ಸಂಖ್ಯೆ ಕೊಡಿ. ಇಲ್ಲದಿದ್ದರೆ ಓದುಗರ ಮೊಬೈಲ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ.

ಪ್ರಶ್ನೆ: ಸರ್, ನಮಸ್ಕಾರ್ರೀ. ನಮ್ಮದು ಸಣ್ಣ ಡಿಟಿಪಿ ಅಂಗಡಿ. ಊರಿನ ಮಠಕ್ಕೆ, ಸೊಸೈಟಿಗೆ ವೆಬ್‌ಸೈಟ್ ಮಾಡಿ ಕೊಡ್ತೀವಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಸಿಎಸ್‌ಎಸ್ ಸಣ್ಣ ಮಾಡಿದೆ. ಫೈಲು ಸಣ್ಣ ಆಗೋದು ಬಿಟ್ಟು ದೊಡ್ಡದೇ ಆಯ್ತು. ಪುಟದ ಅಂದ ಸರಿ ಇದೆ, ಆದರೆ ಸಿಎಸ್‌ಎಸ್ ಒಳಗೇ ಬರೆದ ‘ಮುಂದೆ ಓದಿ’ ಅನ್ನೋ ಕಡೆ ಗ್ರೀಕ್ ಅಕ್ಷರ, ಬೂದು ಚೌಕ, ಗೆರೆ ಬರ್ತಾವೆ. ಸಾಧನ ಕನ್ನಡಕ್ಕೆ ಆಗಿಬರೋದಿಲ್ಲ ಅಂತನಾ?
— ಅಂಗಡಿಯವರು, ಅಕ್ಕಲಕೋಟೆ

ಉತ್ತರ: ಸಾಧನದ್ದು ತಪ್ಪಿಲ್ಲ ರೀ. ನೀವು ಹೈಫನ್ ಓ ಬದಲಿಗೆ ‘>’ ಗುರುತು ಹಾಕಿ ಫೈಲು ಮಾಡಿದ್ದೀರಿ. ನಿಮ್ಮ ಪತ್ರದಲ್ಲಿ ಹೇಳಿದ ಎರಡು ಲಕ್ಷಣವೂ ಅದನ್ನೇ ತೋರಿಸುತ್ತವೆ.

ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ ಆ ಗುರುತು ಕೊಟ್ಟರೆ ಫೈಲು ಯುಟಿಎಫ್-16ರಲ್ಲಿ ಬರೆಯಲ್ಪಡುತ್ತದೆ. ಅಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಎರಡು ಬೈಟ್. ಸಿಎಸ್‌ಎಸ್ ಹೆಚ್ಚುಕಡಿಮೆ ಪೂರ್ತಿ ಇಂಗ್ಲಿಷ್ ಅಕ್ಷರವೇ. ಹಾಗಾಗಿ ಸಾಧನ ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಬ್ರೌಸರಿಗೆ ಯುಟಿಎಫ್-16 ಓದಲು ಬರುತ್ತದೆ. ಅದಕ್ಕೇ ಪುಟದ ಅಂದ ಕೆಡಲಿಲ್ಲ.

ಕನ್ನಡ ಕೆಟ್ಟದ್ದು ಅದಕ್ಕೂ ಒಂದು ಹೆಜ್ಜೆ ಮೊದಲು. ಸಾಧನ ಯುಟಿಎಫ್-8ರಲ್ಲಿ ಕೊಟ್ಟದ್ದನ್ನು ಪವರ್‌ಶೆಲ್ ಹಳೆಯ ಡಾಸ್ ಕಾಲದ ಪಟ್ಟಿ ಹಿಡಿದು ಓದಿತು. ಸಾಮಾನ್ಯವಾಗಿ ಅದು 437 ಅನ್ನುವ ಪಟ್ಟಿ. ಯುಟಿಎಫ್-8ರಲ್ಲಿ ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ 224. ಆ ಪಟ್ಟಿಯಲ್ಲಿ 224 ಅಂದರೆ ಗ್ರೀಕಿನ ಆಲ್ಫಾ. ಎರಡನೇ ಬೈಟ್ 178 ಇಲ್ಲವೇ 179. 178 ಅಂದರೆ ಬೂದು ಚೌಕ, 179 ಅಂದರೆ ಉದ್ದ ಗೆರೆ. ನೀವು ನೋಡಿದ್ದು ಇವನ್ನೇ. ಇನ್ನು ಮುಂದೆ ಎಲ್ಲಿಯಾದರೂ ಕನ್ನಡದ ಜಾಗದಲ್ಲಿ ಆಲ್ಫಾ, ಚೌಕ, ಗೆರೆ ಸಾಲಾಗಿ ಕಂಡರೆ ಮೊದಲು ಈ ಪಟ್ಟಿಯ ಮೇಲೆ ಅನುಮಾನ ಪಡಿ.

ಹೈಫನ್ ಓ ಕೊಟ್ಟರೆ ಸಾಧನವೇ ನೇರ ಫೈಲಿಗೆ ಬರೆಯುತ್ತದೆ, ಪವರ್‌ಶೆಲ್ ಮಧ್ಯೆ ಬರುವುದಿಲ್ಲ. ಕೆಟ್ಟ ಫೈಲನ್ನು ರಿಪೇರಿ ಮಾಡಲು ಹೋಗಬೇಡಿ, ಮೂಲದಿಂದ ಮತ್ತೊಮ್ಮೆ ಮಾಡಿ. ಜೊತೆಗೆ ಮೂಲ ಫೈಲಿನ ಮೊಟ್ಟಮೊದಲ ಸಾಲಿನಲ್ಲಿ ಅಟ್-ಚಾರ್‌ಸೆಟ್ ಬರೆದು, ಜೋಡಿ ಉದ್ಧರಣ ಚಿಹ್ನೆಯೊಳಗೆ ಯುಟಿಎಫ್-8 ಹಾಕಿ, ಕೊನೆಗೆ ಅರ್ಧವಿರಾಮ (;) ಕೊಡಿ. ಅದರ ಹಿಂದೆ ಒಂದು ಖಾಲಿ ಜಾಗವೂ ಇರಬಾರದು. ಸಿಎಸ್‌ಎಸ್ ಒಳಗೆ ಕನ್ನಡ ಪದ ಇರುವವರಿಗೆ ಇದು ಬೇಕೇ ಬೇಕು.

ಪ್ರಶ್ನೆ: ಸಾರ್, ನಮ್ಮ ಶಾಲೆಯ ಸೈಟಿನ ಸಿಎಸ್‌ಎಸ್ ಮಾಡಿಕೊಟ್ಟವರ ಲ್ಯಾಪ್‌ಟಾಪ್ ಕೆಟ್ಟುಹೋಯಿತು. ಈಗ ಸರ್ವರಿನಲ್ಲಿರುವ ಸಣ್ಣ ಫೈಲು ಮಾತ್ರ ಉಳಿದಿದೆ. ಎಲ್ಲಾ ಒಂದೇ ಸಾಲಿನಲ್ಲಿದೆ. ಮೊದಲಿನ ಹಾಗೆ ಮಾಡಲು ಆಗುತ್ತಾ?
— ಶಿಕ್ಷಕರು, ತಾಳವಾಡಿ

ಉತ್ತರ: ಅರ್ಧ ಆಗುತ್ತದೆ. ಸಾಲುಗಳನ್ನು ಬಿಡಿಸಿ ಓದುವ ಹಾಗೆ ಮಾಡಬಹುದು. ಅದೇ ಕ್ಲೀನ್-ಸಿಎಸ್‌ಎಸ್‌ಗೆ ಎರಡು ಹೈಫನ್ ಹಾಕಿ ಫಾರ್ಮ್ಯಾಟ್, ಜಾಗ ಬಿಟ್ಟು ಬ್ಯೂಟಿಫೈ ಅಂತ ಕೊಡಿ. ಪ್ರಿಟಿಯರ್ ಕೊಟ್ಟರೂ ಸರಿ. ಆದರೆ ಕಮೆಂಟುಗಳು ಬರುವುದಿಲ್ಲ, ಅವು ಆ ಫೈಲಿನಲ್ಲಿ ಇಲ್ಲವೇ ಇಲ್ಲ. ನಾಲ್ಕಾರು ಫೈಲುಗಳನ್ನು ಕೂಡಿಸಿ ಒಂದು ಮಾಡಿದ್ದರೆ ಅದೂ ಮತ್ತೆ ಬೇರೆಯಾಗುವುದಿಲ್ಲ.

ಕೈ ಬಿಡುವ ಮೊದಲು ಎರಡು ಕಡೆ ಹುಡುಕಿ. ಸರ್ವರಿನಲ್ಲಿ ಇದೇ ಹೆಸರಿನ, ಕೊನೆಗೆ ಚುಕ್ಕಿ ಮ್ಯಾಪ್ ಅಂತ ಇರುವ ಫೈಲು ಇದೆಯಾ ನೋಡಿ. ಅದು ಸೋರ್ಸ್ ಮ್ಯಾಪ್. ಮಾಡಿದವರು ಮೂಲವನ್ನೂ ಒಳಗೆ ಸೇರಿಸುವ ಆಯ್ಕೆ ಕೊಟ್ಟಿದ್ದರೆ ಕಮೆಂಟ್ ಸಮೇತ ಪೂರ್ತಿ ಮೂಲ ಅದರಲ್ಲಿರುತ್ತದೆ. ಇನ್ನೊಂದು, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಅಲ್ಲಿ ನಿಮ್ಮ ಶಾಲೆಯ ವಿಳಾಸ ಹಾಕಿ. ಪುಟದ ಜೊತೆ ಸಿಎಸ್‌ಎಸ್ ಕೂಡ ಅಲ್ಲಿ ಉಳಿದಿರುವುದುಂಟು. ಸಣ್ಣ ಮಾಡುವುದಕ್ಕೆ ಮೊದಲಿನ ತಾರೀಖಿನದ್ದು ಸಿಕ್ಕರೆ ನಿಮ್ಮ ಕೆಲಸ ಹಗುರ.

ಸಿಕ್ಕಿದ ದಿನವೇ ಅದನ್ನು ತಿದ್ದುಪಡಿಗಳ ಇತಿಹಾಸ ಉಳಿಸುವ ಸಾಧನವಾದ ಗಿಟ್‌ಗೆ ಸೇರಿಸಿ, ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ ಇಡಿ. ಒಬ್ಬರ ಲ್ಯಾಪ್‌ಟಾಪ್ ಶಾಲೆಯ ದಾಖಲೆ ಇಡುವ ಜಾಗ ಅಲ್ಲ. ಮಕ್ಕಳ ಹಾಜರಿ ಪುಸ್ತಕಕ್ಕೆ ಕೊಡುವಷ್ಟು ಕಾಳಜಿ ಇದಕ್ಕೂ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಯಕ್ಷಗಾನ ಸಂಘದ ಸೈಟಿಗೆ ಪರ್ಜ್‌ಸಿಎಸ್‌ಎಸ್ ಹಾಕಿದೆ. ಫೈಲು ಕಾಲು ಭಾಗಕ್ಕೆ ಇಳಿಯಿತು. ಆದರೆ ಮೊಬೈಲಿನಲ್ಲಿ ಮೆನು ತೆರೆಯುತ್ತಿಲ್ಲ. ಪ್ರದರ್ಶನದ ಪಟ್ಟಿಯ ಬಣ್ಣಗಳೂ ಹೋದವು.
— ಹವ್ಯಾಸಿ ಕಲಾವಿದ, ಮಂಜೇಶ್ವರ

ಉತ್ತರ: ಕ್ಲೀನ್-ಸಿಎಸ್‌ಎಸ್ ಬರೆದಿರುವುದನ್ನು ಒತ್ತಿ ಸಣ್ಣ ಮಾಡುತ್ತದೆ. ಪರ್ಜ್‌ಸಿಎಸ್‌ಎಸ್ ಬೇಡ ಅಂತ ಕಂಡದ್ದನ್ನು ಕಿತ್ತು ಹಾಕುತ್ತದೆ. ಅದಕ್ಕೆ ನೀವು ತೋರಿಸಿದ ಫೈಲುಗಳಲ್ಲಿ ಕ್ಲಾಸ್ ಹೆಸರು (ನಿಯಮ ಪುಟದ ಯಾವ ಭಾಗಕ್ಕೆ ಅಂತ ಗುರುತಿಸುವ ಹೆಸರು) ಅಕ್ಷರಶಃ ಕಾಣಬೇಕು. ಕಾಣದಿದ್ದರೆ ಆ ನಿಯಮ ಹೋಯಿತು.

ಮೆನು ತೆರೆದಾಗ ಸೇರುವ ಕ್ಲಾಸ್ ಪುಟದಲ್ಲಿ ಮೊದಲೇ ಇರುವುದಿಲ್ಲ, ಬೆರಳು ಒತ್ತಿದಾಗ ಸ್ಕ್ರಿಪ್ಟ್ ಸೇರಿಸುತ್ತದೆ. ನೀವು ಪುಟಗಳನ್ನು ಮಾತ್ರ ತೋರಿಸಿ ಸ್ಕ್ರಿಪ್ಟ್ ಫೈಲು ತೋರಿಸಿಲ್ಲ. ಅದನ್ನೂ ಸೇರಿಸಿ ಕೊಡಿ, ಮೆನು ಸರಿಯಾಗುತ್ತದೆ. ಪಟ್ಟಿಯ ಬಣ್ಣಕ್ಕೆ ಅಷ್ಟು ಸಾಲದು. ‘ವಾರ’ ಅನ್ನುವುದಕ್ಕೆ 1, 2, 3 ಅಂತ ಸಂಖ್ಯೆ ಸೇರಿಸಿ ಸ್ಕ್ರಿಪ್ಟ್‌ನಲ್ಲಿ ಹೆಸರು ಕಟ್ಟುತ್ತಿದ್ದೀರಿ ಅಂತ ನೀವು ಕಳಿಸಿದ ತುಣುಕಿನಿಂದ ಗೊತ್ತಾಯಿತು. ಪೂರ್ತಿ ಹೆಸರು ಎಲ್ಲೂ ಬರೆದಿಲ್ಲ, ಸಾಧನ ಹುಡುಕುವುದು ಹೇಗೆ? ಅಂಥ ಹೆಸರುಗಳನ್ನು ಸೇಫ್‌ಲಿಸ್ಟ್ ಅನ್ನುವ ಆಯ್ಕೆಯಲ್ಲಿ ಒಂದೊಂದಾಗಿ ಕೊಡಿ.

ಕಿತ್ತು ಹಾಕುವ ಮೊದಲು ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಕವರೇಜ್ ತೆರೆದು ನೋಡುವುದು ಒಳ್ಳೆಯ ಅಭ್ಯಾಸ. ಬಳಕೆಯಾಗದ ಭಾಗ ಕೆಂಪಾಗಿ ಕಾಣುತ್ತದೆ. ಮೆನು ತೆರೆಯಿರಿ, ಪಟ್ಟಿ ಒತ್ತಿ, ಕೆಂಪು ಕಡಿಮೆ ಆಗುತ್ತಾ ಹೋಗುತ್ತದೆ. ಎಲ್ಲ ಪುಟ ನೋಡಿದ ಮೇಲೂ ಕೆಂಪಾಗೇ ಉಳಿದದ್ದನ್ನು ಪರೀಕ್ಷಿಸಿ ತೆಗೆಯಿರಿ.

ಪ್ರಶ್ನೆ: ಸರ್ವರಿನಲ್ಲಿ ಜಿಜಿಪ್ ಇದ್ದರೆ ಸಾಕಲ್ಲ, ಸಣ್ಣ ಮಾಡುವ ತಲೆನೋವು ಯಾಕೆ?
— ಓದುಗರು, ಮಡಕಶಿರಾ

ಉತ್ತರ: ಎರಡೂ ಇರಲಿ. ಜಿಜಿಪ್ ಮತ್ತೆ ಮತ್ತೆ ಬರುವ ಅಕ್ಷರದ ಸಾಲುಗಳನ್ನು ಹುಡುಕಿ ಒತ್ತುತ್ತದೆ, ಸಿಎಸ್‌ಎಸ್‌ಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಒಂದೇ ಮಾಡಲು ಸಾಧ್ಯ ಅಂದರೆ ಜಿಜಿಪ್ಪನ್ನೇ ಮಾಡಿ. ಆದರೆ ಕಮೆಂಟು ಬೇಕೋ ಬೇಡವೋ ಅಂತ ಅದಕ್ಕೆ ಗೊತ್ತಿಲ್ಲ, ಒತ್ತಿ ಕಳಿಸುತ್ತದೆ ಅಷ್ಟೇ. ಮೊಬೈಲ್ ಅದನ್ನು ಬಿಚ್ಚಿ ಪೂರ್ತಿ ಓದಬೇಕು. ಕನ್ನಡ ಫಾಂಟ್ ಜೊತೆಗೆ ಕಳಿಸುತ್ತಿದ್ದರೆ ಸಿಎಸ್‌ಎಸ್‌ಗಿಂತ ಮೊದಲು ಅದನ್ನು ವೊಫ್-2 ಅನ್ನುವ, ಒತ್ತಿ ಸಣ್ಣ ಮಾಡಿದ ಫಾಂಟ್ ರೂಪಕ್ಕೆ ತನ್ನಿ. ಎಷ್ಟೋ ಸೈಟಿನಲ್ಲಿ ಭಾರ ಇರುವುದು ಅಲ್ಲೇ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ. ಶಾಲೆಯ ಲ್ಯಾಬಿನಲ್ಲಿ ಉಬುಂಟು ಇದೆ. ಟರ್ಮಿನಲ್‌ನಲ್ಲಿ ಏನು ಕಲಿತರೆ ಇದೆಲ್ಲ ಅರ್ಥ ಆಗುತ್ತದೆ ಮಾಷ್ಟ್ರೇ?
— ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನಿನ್ನ ಪ್ರಶ್ನೆ ತುಂಬಾ ಖುಷಿ ಕೊಟ್ಟಿತು. ಕೇರಳದ ಶಾಲೆಗಳಲ್ಲಿ ಉಬುಂಟು ಇರುವುದು ನಿಮಗೆಲ್ಲ ಸಿಕ್ಕ ದೊಡ್ಡ ಅನುಕೂಲ. ಈ ಕಮಾಂಡುಗಳಿಗೆ ಬೇಕಾದ ವಾತಾವರಣ ಅಲ್ಲಿ ಮೊದಲೇ ಇದೆ.

ಮೊದಲು ಅಳೆಯುವುದನ್ನು ಕಲಿ. ಸಣ್ಣ ಆಯಿತಾ ಅಂತ ಗೊತ್ತಾಗಬೇಕಾದರೆ ಅಳತೆ ಬೇಕಲ್ಲ. ಡಬ್ಲ್ಯುಸಿ ಅನ್ನುವ ಕಮಾಂಡ್ ಇದೆ. ಅದಕ್ಕೆ ಹೈಫನ್ ಸಿ ಕೊಟ್ಟರೆ ಬೈಟ್ ಎಣಿಸುತ್ತದೆ, ಹೈಫನ್ ಎಂ ಕೊಟ್ಟರೆ ಅಕ್ಷರ ಸಂಕೇತ ಎಣಿಸುತ್ತದೆ. ಹೀಗೆ ಕೊಡು, ಊರಿನ ಹೆಸರನ್ನು ಮಾತ್ರ ಕನ್ನಡದಲ್ಲೇ ಬರೆ:

ಎಕೋ -ಎನ್ ಕಾಸರಗೋಡು | ಡಬ್ಲ್ಯುಸಿ -ಎಂ

ಓದುವಾಗ ಐದು ಅಕ್ಷರ, ಆದರೆ ಉತ್ತರ 8 ಬರುತ್ತದೆ. ಕಾ, ಗೋ, ಡು ಇವುಗಳಲ್ಲಿ ಸ್ವರದ ಗುರುತು ಬೇರೆಯೇ ಒಂದು ಸಂಕೇತ. ಎಂ ಜಾಗದಲ್ಲಿ ಸಿ ಹಾಕಿದರೆ 24. ಒಂದೊಂದಕ್ಕೆ ಮೂರು ಬೈಟ್. ಮಂಜೇಶ್ವರ ಕೊಟ್ಟರೂ 24 ಬರುತ್ತದೆ. ಅದರಲ್ಲಿ ‘ಶ್ವ’ಕ್ಕೇ ಮೂರು ಸಂಕೇತ: ಶ, ವಿರಾಮದ ಗುರುತು, ವ. ಇನ್ನು ಬದಿಯಡ್ಕಕ್ಕೆ ಎಷ್ಟು ಬರಬೇಕು ಅಂತ ಕಾಗದದಲ್ಲಿ ಲೆಕ್ಕ ಹಾಕಿಟ್ಟುಕೊಂಡು ಆಮೇಲೆ ಎಂಟರ್ ಒತ್ತು. ಉತ್ತರ ತಾಳೆಯಾದರೆ ಲ್ಯಾಬಿನಲ್ಲಿರುವ ಯಾವುದಾದರೂ ಸಿಎಸ್‌ಎಸ್ ಫೈಲಿಗೆ ಅದೇ ಕಮಾಂಡ್ ಕೊಟ್ಟು, ಪೆರ್ಲದವರಿಗೆ ಹೇಳಿದ ಹಾಗೆ ಸಣ್ಣ ಮಾಡಿ, ಮೊದಲಿನದ್ದೂ ನಂತರದ್ದೂ ಎರಡು ಸಂಖ್ಯೆಯನ್ನು ನನಗೆ ಬರೆದು ಕಳಿಸು.